ಅರ್ಕಾ ಪ್ರಭಾತ್ ಪರಂಗಿ ಬೀಜ: ನಮ್ಮ ಹಿತ್ತಲಲ್ಲಿ ಬೆಳೆದು, ತಿಂದು ಹೇಳುತ್ತಿರುವುದು

ಹಿತ್ತಲಲ್ಲಿ ಎರಡು ಮೂರು ಪರಂಗಿ ಗಿಡಕ್ಕೆ ಮಾತ್ರ ಜಾಗ ಇದೆಯಾ? ಹಾಗಿದ್ದರೆ ಬೀಜಕ್ಕೆ ದುಡ್ಡು ಕೊಡಿ. ತಿಂದ ಹಣ್ಣಿನ ಬೀಜ ಮಣ್ಣಿಗೆ ಎಸೆದು ಕಾಯುತ್ತಾ ಕೂರಬೇಡಿ. ಎಕರೆಗಟ್ಟಲೆ ತೋಟ ಇರುವವರಿಗೆ ಹತ್ತು ಗಿಡ ಹೋದರೂ ನಡೆಯುತ್ತದೆ. ನಮ್ಮಂಥವರಿಗೆ ಒಂದು ಗಿಡ ಹೋದರೂ ವರ್ಷವೇ ಹೋದ ಹಾಗೆ.

ನಾವಿರುವುದು ತುಮಕೂರಿನಲ್ಲಿ. ಮನೆ ಹಿಂದೆ ಕಾಂಪೌಂಡ್ ಗೋಡೆವರೆಗೂ ಒಂದಿಷ್ಟು ಕೆಂಪು ಮಣ್ಣಿನ ಜಾಗ. ಬೋರ್‌ವೆಲ್ ನೀರು. ಒಂದು ನುಗ್ಗೆ, ಒಂದು ಕರಿಬೇವು, ಉಳಿದ ಕಡೆ ಪರಂಗಿ. ನಾನು ಬೆಳೆದದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಭಾತ್ ತಳಿ. ಬೀಜದಿಂದ ಶುರು ಮಾಡಿ ಹಣ್ಣು ತಿನ್ನುವವರೆಗೂ ನೋಡಿ ಈಗ ಬರೆಯುತ್ತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮನೆಗೆ ಇದಕ್ಕಿಂತ ಒಳ್ಳೆಯ ಪರಂಗಿ ಬೀಜ ನಾನು ಹಾಕಿಲ್ಲ.

ಇದನ್ನೇ ಯಾಕೆ ಆರಿಸಿದೆ ಅಂತ ಹೇಳಬೇಕು. ಅದಕ್ಕೆ ಮೊದಲು ಪರಂಗಿಯ ಗಂಡು ಹೆಣ್ಣಿನ ಲೆಕ್ಕ ಗೊತ್ತಿರಬೇಕು.

ಹಳ್ಳಿಗಳಲ್ಲಿ ತಾನಾಗಿ ಹುಟ್ಟುವ ನಾಟಿ ಪರಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಜ ಹಾಕಿದರೆ ಹೆಚ್ಚು ಕಮ್ಮಿ ಅರ್ಧ ಗಂಡು, ಅರ್ಧ ಹೆಣ್ಣು. ಸಸಿಯನ್ನು ಎಷ್ಟು ತಿರುಗಿಸಿ ನೋಡಿದರೂ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಎಲೆ ಅಗಲ ಇದ್ದರೆ ಹೆಣ್ಣು, ಬೇರು ನೆಟ್ಟಗಿದ್ದರೆ ಗಂಡು ಅಂತೆಲ್ಲ ಹೇಳುವವರು ಇದ್ದಾರೆ. ನಂಬಬೇಡಿ. ಹೂ ಬಿಡಬೇಕು, ಆಗಲೇ ತಿಳಿಯುವುದು. ಅಷ್ಟು ಹೊತ್ತಿಗೆ ನೆಟ್ಟು ನಾಲ್ಕೈದು ತಿಂಗಳು ಆಗಿರುತ್ತದೆ. ನೀರು, ಗೊಬ್ಬರ, ಬಿಸಿಲು ಎಲ್ಲ ತಿಂದ ಗಿಡ ಉದ್ದುದ್ದ ಗೊಂಚಲಲ್ಲಿ ಸಣ್ಣ ಸಣ್ಣ ಹೂ ಇಳಿಬಿಟ್ಟಾಗ ಕಡಿಯದೆ ಬೇರೆ ದಾರಿ ಇಲ್ಲ.

ಅರ್ಕಾ ಪ್ರಭಾತ್ ಆ ಜಾತಿಯದಲ್ಲ. ಇದರಲ್ಲಿ ಗಂಡು ಗಿಡವೇ ಬರುವುದಿಲ್ಲ. ಬಂದರೆ ಹೆಣ್ಣು, ಇಲ್ಲದಿದ್ದರೆ ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವ ದ್ವಿಲಿಂಗಿ ಗಿಡ. ಎರಡೂ ಕಾಯಿ ಬಿಡುತ್ತವೆ. ದ್ವಿಲಿಂಗಿ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಿಕೊಂಡರೆ, ಅದರ ಬೀಜದಿಂದ ಬರುವ ಮೂರು ಸಸಿಯಲ್ಲಿ ಸರಾಸರಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಒಂದೇ ಗುಂಡಿಗೆ ಮೂರು ಸಸಿ ನೆಟ್ಟರೆ ಮೂರೂ ಹೆಣ್ಣೇ ಆಗುವ ಸಾಧ್ಯತೆ 27ರಲ್ಲಿ ಒಂದು. ಅಂದರೆ ಒಂದಾದರೂ ದ್ವಿಲಿಂಗಿ ಸಿಕ್ಕೇ ಸಿಗುತ್ತದೆ ಅಂತ ಧೈರ್ಯವಾಗಿ ನೆಡಬಹುದು. ಈ ಲೆಕ್ಕವನ್ನು ಪಿಯುಸಿ ಓದುವ ನನ್ನ ಮಗಳು ಹಾಳೆಯ ಮೇಲೆ ಬಿಡಿಸಿ ತೋರಿಸಿದಳು. ಅವಳ ಬಯಾಲಜಿ ಪುಸ್ತಕದ ಪಾಠ ಹಿತ್ತಲಲ್ಲಿ ಕಣ್ಣೆದುರಿಗೆ ನಿಂತದ್ದು ನನಗೆ ಬಹಳ ಖುಷಿ ಕೊಟ್ಟಿತು.

ತಳಿಯ ಹುಟ್ಟು ಹೀಗೆ. ಸೂರ್ಯ ಮತ್ತು ತೈವಾನಿನ ತೈನುಂಗ್-1 ತಳಿಗಳನ್ನು ಕೂಡಿಸಿ, ಆಮೇಲೆ ಅದನ್ನು ಇಲ್ಲಿನ ಒಂದು ಗಿಡ್ಡ ತಳಿಯ ಜೊತೆ ಕೂಡಿಸಿ, ತಲೆಮಾರುಗಟ್ಟಲೆ ಆರಿಸುತ್ತಾ ಬಂದು ಮಾಡಿದ ತಳಿ ಇದು. ಸೂರ್ಯ ಕೂಡ ಅದೇ ಸಂಸ್ಥೆಯದು. ಹವಾಯಿಯ ಸನ್‌ರೈಸ್ ಸೋಲೋ ಅದರ ಒಂದು ಕಡೆಯ ಮೂಲ. ಸೂರ್ಯದ ಹಣ್ಣು 600ರಿಂದ 800 ಗ್ರಾಂ ತೂಗುತ್ತದೆ. ಪ್ರಭಾತ್ 900ರಿಂದ 1,200 ಗ್ರಾಂ. ತಿರುಳು ಕಡು ಗುಲಾಬಿ. ಸಿಹಿಯ ಅಳತೆಯಾದ ಬ್ರಿಕ್ಸ್ 13ರಿಂದ 14. ಗಿಡ ನೆಲದಿಂದ ಎರಡು ಎರಡೂವರೆ ಅಡಿ ಎತ್ತರದಲ್ಲೇ ಕಾಯಿ ಬಿಡಲು ಶುರು ಮಾಡುತ್ತದೆ. ನಮ್ಮ ಅತ್ತೆಗೆ ಎಂಬತ್ತು ಹತ್ತಿರ. ಅವರು ಕೋಲು, ದೋಟಿ ಏನೂ ಇಲ್ಲದೆ ನಿಂತಲ್ಲೇ ಕೈ ಚಾಚಿ ಮೊದಲ ಸಾಲಿನ ಕಾಯಿ ತಿರುಚಿ ತೆಗೆಯುತ್ತಾರೆ. ಇಪ್ಪತ್ತಡಿ ಬೆಳೆದ ನಾಟಿ ಗಿಡದ ಕೆಳಗೆ ಹಣ್ಣು ಬಿದ್ದು ಒಡೆಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ರೆಡ್ ಲೇಡಿ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ. ತೈವಾನಿನ ನೋನ್-ಯು ಕಂಪನಿಯ ರೆಡ್ ಲೇಡಿ 786 ಒಳ್ಳೆಯ ತಳಿ. ಹಣ್ಣು ಒಂದೂವರೆ ಎರಡು ಕಿಲೋ ಬರುತ್ತದೆ, ದೂರದ ಮಾರುಕಟ್ಟೆಗೂ ತಡೆಯುತ್ತದೆ. ನಾವು ಗಾಡಿಗಳಲ್ಲಿ ಕೊಳ್ಳುವ ಕೆಂಪು ತಿರುಳಿನ ಹಣ್ಣು ಬಹುಪಾಲು ಅದೇ. ಅದರಲ್ಲೂ ಗಂಡು ಗಿಡ ಬರುವುದಿಲ್ಲ. ಆದರೆ ಹತ್ತು ಗ್ರಾಂ ಪ್ಯಾಕೆಟ್ಟಿನ ಬೆಲೆ ಸಾವಿರಗಳಲ್ಲಿ ಇದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಹಾಕಿದರೆ ತಾಯಿ ಗಿಡದ ಹಾಗೇ ಬರುವುದಿಲ್ಲ. ಒಂದು ಸಿಹಿ, ಇನ್ನೊಂದು ಸಪ್ಪೆ, ಒಂದು ಗಿಡ್ಡ, ಇನ್ನೊಂದು ಎತ್ತರ. ಮಾರುವ ರೈತರಿಗೆ ಅದು ಸರಿ. ನಮಗೆ ಎರಡು ಕಿಲೋ ಹಣ್ಣು ಕೊಯ್ದರೆ ಅರ್ಧ ಫ್ರಿಜ್ಜಿನಲ್ಲಿ ಕೂತು ನೀರು ಬಿಡುತ್ತದೆ. ನಾಲ್ಕು ಜನರ ಮನೆಗೆ ಒಂದು ಕಿಲೋ ಹಣ್ಣು ಒಂದೇ ಹೊತ್ತಿಗೆ ಖಾಲಿ ಆಗುತ್ತದೆ.

ಬೀಜಕ್ಕಿಂತ ಸಸಿ ತರುವುದು ಸುಲಭ ಅಲ್ವಾ ಅಂತ ನಮ್ಮನೆಯವರು ಹಿಂದೊಮ್ಮೆ ಒಂದು ನರ್ಸರಿಯಿಂದ ಸಸಿ ತಂದಿದ್ದರು. ರೆಡ್ ಲೇಡಿ ಅಂತ ಹೇಳಿ ಕೊಟ್ಟಿದ್ದರು. ಬೆಳೆದ ಮೇಲೆ ಅವುಗಳಲ್ಲಿ ಉದ್ದ ಗೊಂಚಲಿನ ಗಂಡು ಗಿಡ ಬಂತು. ರೆಡ್ ಲೇಡಿಯಲ್ಲಿ ಅದು ಬರುವಂತೆಯೇ ಇಲ್ಲ. ಅಂದರೆ ಕೊಟ್ಟದ್ದು ಬೇರೆ ಏನೋ. ಮಾರಿದವರನ್ನು ಕೇಳಿದರೆ "ಬಿಸಿಲಿಗೆ ಹಾಗಾಗುತ್ತೆ ಮೇಡಂ" ಅಂದರು. ನನಗೆ ನಿಜವಾಗಿಯೂ ಬೇಜಾರಾಯಿತು. ನಲವತ್ತು ರೂಪಾಯಿ ದೊಡ್ಡದಲ್ಲ. ಅಷ್ಟು ತಿಂಗಳು ನೀರು ಹಾಕಿದ್ದು ದೊಡ್ಡದು. ಬೀಜ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಪರಂಗಿ ಸಸಿ ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ.

ಬೀಜ ಸಿಗುವುದು ಎಲ್ಲಿ? ಹೆಸರಘಟ್ಟದ ಕ್ಯಾಂಪಸ್‌ನಲ್ಲೇ ಬೀಜ ಮಾರಾಟ ಕೇಂದ್ರ ಇದೆ. ಸಂಸ್ಥೆಯ ಆನ್‌ಲೈನ್ ಪೋರ್ಟಲ್‌ನಲ್ಲೂ ಮಾರುತ್ತಾರೆ. ಅಲ್ಲಿ ನಡೆಯುವ ತೋಟಗಾರಿಕಾ ಮೇಳದಲ್ಲೂ ಮಳಿಗೆ ಇರುತ್ತದೆ. ನಾನು ಕೇಂದ್ರಕ್ಕೇ ಹೋಗಿ ತಂದೆ. ಬೆಂಗಳೂರಿನ ತಂಗಿ ಮನೆಗೆ ಹೋಗುವಾಗ ಅದೊಂದು ತಿರುವು ಅಷ್ಟೇ. ಹೋದವರು ಪ್ರದರ್ಶನದ ಗಿಡಗಳನ್ನೂ ನೋಡಿ ಬನ್ನಿ. ಪ್ಯಾಕೆಟ್ಟಿನ ಮೇಲೆ ತಳಿಯ ಹೆಸರು ಮತ್ತು ಪರೀಕ್ಷೆ ಮಾಡಿದ ದಿನಾಂಕ ಓದಿ. ಪರಂಗಿ ಬೀಜ ಹಳೆಯದಾದಷ್ಟೂ ಮೊಳಕೆ ಕಮ್ಮಿ, ಆದ್ದರಿಂದ ದಿನಾಂಕ ಹೊಸದಿರಬೇಕು. ಇದು ಯಾರ ಬೀಜ ಕೊಂಡರೂ ನೋಡಬೇಕಾದ ವಿಷಯ. ಒಮ್ಮೆ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಬಣ್ಣದ ಚಿತ್ರದ ಪ್ಯಾಕೆಟ್ಟಿನಲ್ಲಿ ದಿನಾಂಕವೇ ಇರಲಿಲ್ಲ. ಅದರಲ್ಲಿ ಒಂದು ಬೀಜವೂ ಹುಟ್ಟಲಿಲ್ಲ.

ಹತ್ತು ಗ್ರಾಂ ಅಂದರೆ ಸ್ವಲ್ಪವೇ ಅನ್ನಿಸುತ್ತದೆ. ಪರಂಗಿ ಬೀಜ ಹಗುರ. ಅಷ್ಟರಲ್ಲಿ ನೂರಾರು ಬೀಜ ಇರುತ್ತವೆ. ಒಂದು ಮನೆಗೆ ಅಷ್ಟು ಬೇಕಾಗುವುದೇ ಇಲ್ಲ. ನಾಲ್ಕೈದು ಮನೆಯವರು ಸೇರಿ ಒಂದು ಪ್ಯಾಕೆಟ್ ತಗೊಂಡರೆ ಸಾಕು. ನಾನು ನಮ್ಮ ಬೀದಿಯಲ್ಲಿ ಹಂಚಿದೆ. ಎದುರು ಮನೆ ಅಜ್ಜಿ, ಮೂಲೆ ಮನೆಯ ಮೇಷ್ಟ್ರು, ಹಾಲಿನವರು, ಎಲ್ಲರ ಮನೆಯಲ್ಲೂ ಈಗ ಒಂದೇ ತಳಿ ಇದೆ. ಗಿಡಗಳನ್ನು ಹೋಲಿಸಿ ಮಾತಾಡಿಕೊಳ್ಳಲೂ ಅನುಕೂಲ. ಮಿಕ್ಕ ಬೀಜ ಒಣಗಿದ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನ ಕೆಳ ಭಾಗದಲ್ಲಿ ಇಡಿ.

ಈಗ ಬಿತ್ತನೆ. ಚಳಿಗಾಲದಲ್ಲಿ ಬೇಡ. ಪರಂಗಿ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು. ನಮ್ಮ ಕಡೆ ಡಿಸೆಂಬರ್ ಜನವರಿಯ ರಾತ್ರಿ ಚಳಿಗೆ ಬೀಜ ಮಣ್ಣಲ್ಲೇ ಕೂತು ಕೊಳೆಯುತ್ತದೆ. ಮಾರ್ಚ್ ಕೊನೆಗೆ ಬಿತ್ತಿದರೆ ಜೂನ್ ಹೊತ್ತಿಗೆ ಸಸಿ ನೆಲಕ್ಕೆ ಇಳಿಸಬಹುದು. ಬಿತ್ತುವ ಹಿಂದಿನ ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿಡಿ. ತೋಟದವರು ಜಿಬ್ಬರೆಲಿಕ್ ಆಸಿಡ್‌ನಲ್ಲಿ ನೆನೆಸುತ್ತಾರೆ. ಮೊಳಕೆ ಬೇಗ, ಒಟ್ಟಿಗೆ ಬರಲಿ ಅಂತ. ಮನೆಗೆ ಬೇಕಾಗಿಲ್ಲ, ಹಿಂದೆ ಮುಂದೆ ಬಂದರೂ ನಡೆಯುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಹುಟ್ಟುತ್ತವೆ. ನಡುವೆ ಮಣ್ಣು ಕೆದಕಿ ನೋಡುವ ಆಸೆ ಬರುತ್ತದೆ. ಕೈ ಕಟ್ಟಿಕೊಂಡಿರಿ.

ಪ್ಯಾಕೆಟ್ ಬೀಜಕ್ಕೂ ಹಣ್ಣಿನಿಂದ ತೆಗೆದ ಬೀಜಕ್ಕೂ ಒಂದು ವ್ಯತ್ಯಾಸ ಇದೆ. ಹಣ್ಣು ಹೆಚ್ಚಿದಾಗ ಬೀಜದ ಸುತ್ತ ಜಾರುವ ಒಂದು ಪೊರೆ ಇರುತ್ತದಲ್ಲ, ಅದರಲ್ಲಿ ಮೊಳಕೆ ತಡೆಯುವ ಅಂಶಗಳಿವೆ. ಹಣ್ಣಿನ ಒಳಗೇ ಬೀಜ ಮೊಳೆಯದಿರಲು ಗಿಡ ಮಾಡಿಕೊಂಡ ಏರ್ಪಾಡು ಅದು. ಹಣ್ಣಿನ ಬೀಜ ಹಾಕುವವರು ಆ ಪೊರೆಯನ್ನು ತೆಗೆಯಲೇಬೇಕು. ನಮ್ಮ ಅತ್ತೆ ಒಲೆ ಬೂದಿ ಹಾಕಿ ಗೋಣಿ ತಾಟಿನ ಮೇಲೆ ಉಜ್ಜಿ, ತೊಳೆದು, ನೆರಳಲ್ಲಿ ಒಣಗಿಸುತ್ತಾರೆ. ಅವರ ಅಮ್ಮನ ಕಾಲದಿಂದ ಬಂದ ಪದ್ಧತಿ. ಪುಸ್ತಕದಲ್ಲೂ ಅದನ್ನೇ ಹೇಳಿದ್ದಾರೆ. ನೀರಲ್ಲಿ ತೇಲುವ ಬೀಜ ಬಿಸಾಡಬೇಕು. ಪ್ಯಾಕೆಟ್ ಬೀಜದಲ್ಲಿ ಈ ಕೆಲಸ ಮೊದಲೇ ಆಗಿರುತ್ತದೆ.

ಟ್ರೇಗಿಂತ ಕಪ್ಪು ಪಾಲಿಥಿನ್ ಚೀಲ ಒಳ್ಳೆಯದು. ಪರಂಗಿಯ ತಾಯಿ ಬೇರು ಬೇಗ ಕೆಳಗಿಳಿಯುತ್ತದೆ, ಅದನ್ನು ಕೆಣಕಿದರೆ ಗಿಡ ಮುನಿಸಿಕೊಳ್ಳುತ್ತದೆ. ಹತ್ತು ಹದಿನೈದು ಸೆಂಟಿಮೀಟರ್ ಆಳದ ಚೀಲ, ಕೆಳಗೆ ನಾಲ್ಕಾರು ತೂತು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ. ಹಸಿ ಗೊಬ್ಬರ ಬೇಡವೇ ಬೇಡ. ಚೀಲಕ್ಕೆ ಎರಡು ಬೀಜ, ಒಂದು ಸೆಂಟಿಮೀಟರ್ ಆಳದಲ್ಲಿ. ನೀರನ್ನು ಚಿಮುಕಿಸಿ, ಸುರಿಯಬೇಡಿ.

ಪರಂಗಿ ಸಸಿ ಸಾಯುವುದು ಹೆಚ್ಚಾಗಿ ಇದೇ ಹಂತದಲ್ಲಿ. ನಿನ್ನೆ ನೆಟ್ಟಗೆ ನಿಂತಿದ್ದ ಸಸಿ ಇವತ್ತು ಬುಡದಲ್ಲಿ ದಾರದಷ್ಟು ತೆಳ್ಳಗಾಗಿ ಒರಗಿರುತ್ತದೆ. ಮಣ್ಣಿನ ಶಿಲೀಂಧ್ರ ಮಾಡುವ ಸಸಿ ಕೊಳೆ ರೋಗ ಅದು. ಜಾಸ್ತಿ ನೀರು, ಒತ್ತೊತ್ತಾದ ಸಸಿಗಳು, ಗಾಳಿ ಆಡದ ಜಾಗ, ಈ ಮೂರೂ ಸೇರಿದರೆ ಬಂದೇ ಬರುತ್ತದೆ. ಬಂದ ಮೇಲೆ ಆ ಸಸಿ ಉಳಿಯುವುದಿಲ್ಲ, ಆದ್ದರಿಂದ ಮೊದಲೇ ತಡೆಯಬೇಕು. ನಾನು ಮಣ್ಣಿಗೆ ಟ್ರೈಕೊಡರ್ಮಾ ಬೆರೆಸಿದೆ. ಅದು ಕೆಟ್ಟ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಬೆಳಿಗ್ಗೆ ಮಾತ್ರ ನೀರು, ಮೇಲ್ಮಣ್ಣು ಒಣಗಿದ ಮೇಲೆ. ಬೆಳಗಿನ ಬಿಸಿಲು ಬೀಳುವ ಕಡೆ ಚೀಲ ಇಟ್ಟೆ. ಹುಟ್ಟಿದ ಸಸಿಗಳಲ್ಲಿ ಹೆಚ್ಚಿನವು ಉಳಿದವು.

ಆರರಿಂದ ಎಂಟು ವಾರಕ್ಕೆ ಸಸಿ ಗೇಣುದ್ದ ಆಗುತ್ತದೆ. ಇಳಿಸುವ ಹಿಂದಿನ ವಾರ ನೆರಳಿನಿಂದ ಬಿಸಿಲಿಗೆ ಸ್ವಲ್ಪ ಸ್ವಲ್ಪ ಒಗ್ಗಿಸಿ. ಚೀಲ ಸೀಳಿ, ಹೆಂಟೆ ಒಡೆಯದ ಹಾಗೆ ಸಂಜೆ ಹೊತ್ತು ನೆಡಿ.

ನೆಡುವ ಜಾಗದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಪರಂಗಿಗೆ ನೀರು ಬೇಕು, ನಿಂತ ನೀರು ಆಗುವುದಿಲ್ಲ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಆಳೆತ್ತರದ ಗಿಡವೂ ಎಲೆ ಹಳದಿ ಮಾಡಿಕೊಂಡು ಕುಸಿಯುತ್ತದೆ. ಗುಂಡಿ ಒಂದೂವರೆ ಅಡಿಯಿಂದ ಎರಡಡಿ ತೆಗೆಯಿರಿ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ನೆಲಕ್ಕಿಂತ ಎತ್ತರಕ್ಕೆ ತುಂಬಿ. ಸಸಿ ಆ ದಿಬ್ಬದ ಮೇಲೆ ಕೂರಲಿ. ನೀರಿನ ಪಾತಿ ಕಾಂಡದಿಂದ ಒಂದಡಿ ದೂರಕ್ಕೆ ಉಂಗುರದ ಹಾಗೆ ಇರಲಿ. ಕಾಂಡಕ್ಕೆ ನೀರು ತಾಗಬಾರದು. ಗುಂಡಿಯಿಂದ ಗುಂಡಿಗೆ ಆರಡಿ. ದಿನವಿಡೀ ಬಿಸಿಲು ಬೀಳುವ ಜಾಗವೇ ಆಗಬೇಕು. ನುಗ್ಗೆಯ ನೆರಳಿಗೆ ಸಿಕ್ಕ ನಮ್ಮ ಒಂದು ಗಿಡ ಕಡ್ಡಿ ಹಾಗೆ ಎತ್ತರ ಹೋಯಿತು, ಕಾಯಿ ತಡವಾಯಿತು.

ಗುಂಡಿಗೆ ಮೂರು ಸಸಿ ಅಂದೆನಲ್ಲ, ಅವನ್ನು ಒಂದಕ್ಕಿಳಿಸುವ ದಿನ ಬರುತ್ತದೆ. ಹೂ ಬಿಟ್ಟಾಗ ನೋಡುವುದು ಹೀಗೆ. ಹೆಣ್ಣು ಹೂವಿನ ಮೊಗ್ಗಿನ ಬುಡ ದಪ್ಪಗೆ ಗುಂಡಗೆ ಇರುತ್ತದೆ, ದಳಗಳು ಬುಡದವರೆಗೂ ಬಿಡಿ ಬಿಡಿ. ಒಳಗೆ ಹಳದಿ ಕೇಸರ ಇರುವುದಿಲ್ಲ. ದ್ವಿಲಿಂಗಿ ಮೊಗ್ಗು ಉದ್ದಕ್ಕೆ ಇರುತ್ತದೆ. ದಳಗಳು ಕೆಳಗೆ ಕೂಡಿಕೊಂಡು ಕೊಳವೆ ಆಗಿರುತ್ತವೆ. ಒಂದು ದಳ ಬಿಡಿಸಿದರೆ ಸಣ್ಣ ಕಾಯಿಯ ಸುತ್ತ ಹಳದಿ ಕೇಸರ ಕಾಣುತ್ತದೆ. ಒಂದು ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಮರೆಯುವುದಿಲ್ಲ. ದ್ವಿಲಿಂಗಿ ಗಿಡ ಉಳಿಸಿ. ಅದರ ಹಣ್ಣು ಉದ್ದ, ತಿರುಳು ದಪ್ಪ, ಒಳಗಿನ ಪೊಳ್ಳು ಚಿಕ್ಕದು. ಬೇರೆ ಗಿಡದ ಪರಾಗಕ್ಕೆ ಕಾಯಬೇಕಿಲ್ಲ. ಹೆಣ್ಣು ಗಿಡದ ಹಣ್ಣು ಗುಂಡಗೆ, ಒಳಗೆ ಪೊಳ್ಳು ಜಾಸ್ತಿ. ರುಚಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಬೇಡದ ಗಿಡವನ್ನು ಕೀಳಬೇಡಿ, ಉಳಿದದ್ದರ ಬೇರು ಅಲುಗುತ್ತದೆ. ನೆಲಮಟ್ಟಕ್ಕೆ ಕತ್ತರಿಸಿ.

ದ್ವಿಲಿಂಗಿ ಗಿಡಕ್ಕೂ ಒಂದು ಸ್ವಭಾವ ಇದೆ. ಕಡು ಬೇಸಿಗೆಯಲ್ಲಿ ಕೆಲವು ಹೂಗಳಲ್ಲಿ ಕಾಯಿ ಕಟ್ಟುವ ಭಾಗ ಕ್ಷೀಣಿಸಿ, ಗಂಡು ಹೂವಿನ ಹಾಗೆ ಉದುರಿ ಹೋಗುತ್ತವೆ. ಚಳಿಯಲ್ಲಿ ಕೆಲವು ಕಾಯಿ ಸೊಟ್ಟಗೆ, ಗೀರು ಗೀರಾಗಿ ಬರುತ್ತವೆ. ಏಪ್ರಿಲ್‌ನಲ್ಲಿ ಹೂ ಉದುರುವುದನ್ನು ಕಂಡು ಮೂಲೆ ಮನೆ ಮೇಷ್ಟ್ರು ಗಿಡ ಕಡಿಯಲು ಹೊರಟಿದ್ದರು. "ಮಳೆ ಬರಲಿ ತಡೀರಿ ಸಾರ್" ಅಂದೆ. ಮಳೆ ಬಿದ್ದ ಮೇಲೆ ಕಾಯಿ ಕಚ್ಚಿತು. ಕಾಂಡದ ಮೇಲೆ ಒಂದು ಮೊಳ ಖಾಲಿ ಜಾಗ ಬಿಟ್ಟು ಮತ್ತೆ ಸಾಲು ಸಾಲು ಕಾಯಿ.

ಗೊಬ್ಬರದಲ್ಲಿ ನಾನು ಹೆಚ್ಚು ಲೆಕ್ಕ ಇಡಲಿಲ್ಲ. ಎರಡು ತಿಂಗಳಿಗೊಮ್ಮೆ ಗಿಡದ ಸುತ್ತ ಕೊಟ್ಟಿಗೆ ಗೊಬ್ಬರ ಮತ್ತು ಹಿಂಡಿ, ಜೊತೆಗೆ ಸ್ವಲ್ಪ ಪೊಟ್ಯಾಷ್. ಬೋರಾನ್ ಮಾತ್ರ ಮರೆಯಬೇಡಿ. ಅದು ಕಮ್ಮಿ ಆದರೆ ಕಾಯಿ ಮೇಲೆ ಗಂಟು ಗಂಟು ಏಳುತ್ತದೆ, ಸೊನೆ ಒಸರುತ್ತದೆ. ನಾಲ್ಕನೇ ಮತ್ತು ಎಂಟನೇ ತಿಂಗಳಲ್ಲಿ ಲೀಟರ್ ನೀರಿಗೆ ಒಂದು ಗ್ರಾಂ ಬೋರಿಕ್ ಆಸಿಡ್, ಐದು ಗ್ರಾಂ ಜಿಂಕ್ ಸಲ್ಫೇಟ್ ಬೆರೆಸಿ ಎಲೆಗೆ ಸಿಂಪಡಿಸುವ ಶಿಫಾರಸು ಇದೆ. ಅದನ್ನೇ ಮಾಡಿದೆ. ನಮ್ಮ ಕಾಯಿಗಳು ನುಣ್ಣಗೆ ಬಂದವು.

ಇನ್ನು ರೋಗ. ಈ ಬೀಜ ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಪರಂಗಿಯ ದೊಡ್ಡ ಶತ್ರು ಉಂಗುರ ಚುಕ್ಕೆ ವೈರಸ್. ಅರ್ಕಾ ಪ್ರಭಾತ್ ಅದನ್ನು ತಡೆದು ನಿಲ್ಲುವ ತಳಿ ಅಲ್ಲ. ಎಲೆ ಹಳದಿ ಹಸಿರು ಮಚ್ಚೆಯಾಗಿ ಸುಕ್ಕುಗಟ್ಟುತ್ತದೆ, ತುದಿಯ ಎಲೆ ದಾರದ ಹಾಗೆ ಸಪೂರ ಆಗುತ್ತದೆ, ಕಾಯಿ ಮೇಲೆ ಉಂಗುರ ಮೂಡುತ್ತದೆ. ಇದಕ್ಕೆ ಔಷಧಿ ಇಲ್ಲ. ಯಾರಾದರೂ ಬಾಟಲಿ ತೋರಿಸಿ ವಾಸಿ ಮಾಡುತ್ತೇನೆ ಅಂದರೆ ದುಡ್ಡು ಕೊಡಬೇಡಿ. ಸಮಾಧಾನ ಏನೆಂದರೆ ಈ ವೈರಸ್ ಬೀಜದಲ್ಲಿ ಬರುವುದಿಲ್ಲ. ಗಿಡಹೇನು ರೋಗದ ಗಿಡದಿಂದ ರಸ ಹೀರಿ ಬಂದು ನಿಮಿಷದೊಳಗೆ ಅಂಟಿಸುತ್ತದೆ. ಹಾಗಾಗಿ ಮನೆಯಲ್ಲೇ ಬೀಜದಿಂದ ಸಸಿ ಮಾಡಿ, ಚೀಲಗಳ ಮೇಲೆ ಸೊಳ್ಳೆ ಪರದೆಯ ಬಲೆ ಹೊದಿಸಿಟ್ಟರೆ ಸಸಿ ಶುದ್ಧವಾಗಿ ನೆಲಕ್ಕಿಳಿಯುತ್ತದೆ. ಬೀಜದಿಂದಲೇ ಶುರು ಮಾಡಿ ಅಂತ ನಾನು ಹೇಳಲು ಇದೂ ಒಂದು ದೊಡ್ಡ ಕಾರಣ. ಪಕ್ಕದಲ್ಲಿ ಸೌತೆ, ಕುಂಬಳದ ಬಳ್ಳಿ ಹಬ್ಬಿಸಬೇಡಿ. ರೋಗ ಬಂದ ಗಿಡವನ್ನು ಕಿತ್ತು ಸುಟ್ಟುಬಿಡಿ, ನೋವಾದರೂ ಸರಿ. ನಮ್ಮ ಬೀದಿಯಲ್ಲಿ ಒಂದು ಮನೆಯ ಹಳೆಯ ಗಿಡಕ್ಕೆ ಬಂದಿತ್ತು. ಎಲ್ಲರೂ ಸೇರಿ ಮಾತಾಡಿ ತೆಗೆಸಿದೆವು. ಆ ಮನೆಯವರಿಗೆ ಹೊಸ ಸಸಿ ನಾನೇ ಕೊಟ್ಟೆ.

ಹಿಟ್ಟು ತಿಗಣೆಯ ಕಥೆ ಬೇರೆ. ಪರಂಗಿಯ ಬಿಳಿ ಹಿಟ್ಟು ತಿಗಣೆ ಮೆಕ್ಸಿಕೋ ಕಡೆಯ ಕೀಟ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪರಂಗಿ ಅಷ್ಟೇ ಅಲ್ಲ, ಹಿಪ್ಪುನೇರಳೆಗೂ ಹತ್ತಿಕೊಂಡು, ರೇಷ್ಮೆಯವರನ್ನು ಕಂಗೆಡಿಸಿತು. ಎಷ್ಟು ಔಷಧಿ ಹೊಡೆದರೂ ಅದರ ಮೇಣದ ಹೊದಿಕೆ ದಾಟಿ ಒಳಗೆ ಹೋಗುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಸ್ಥೆಯವರು ಪೋರ್ಟೋ ರಿಕೋದಿಂದ ಒಂದು ಸಣ್ಣ ಕಣಜ ತರಿಸಿದರು. ಅಸೆರೋಫೇಗಸ್ ಪಪಾಯೆ ಅದರ ಹೆಸರು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಕಣಜದ ಮರಿ ಆ ತಿಗಣೆಯನ್ನು ಒಳಗಿಂದ ತಿಂದು ಹೊರಬರುತ್ತದೆ. ಸಾಕಿ ಬಿಡುಗಡೆ ಮಾಡಿದ ಮೇಲೆ ತಿಗಣೆಯ ಹಾವಳಿ ತಗ್ಗಿತು. ಇದನ್ನು ಓದಿದ ಮೇಲೆ ನಾನು ಹಿತ್ತಲಲ್ಲಿ ಕೀಟನಾಶಕ ಹೊಡೆಯುವುದನ್ನು ಪೂರ್ತಿ ಬಿಟ್ಟೆ. ತಿಗಣೆ ಕಂಡರೆ ಪೈಪಿನ ನೀರು ಜೋರಾಗಿ ಬಿಡುತ್ತೇನೆ, ಇಲ್ಲ ಸೋಪಿನ ನೀರು. ಒಂದು ಹಂತದ ಮೇಲೆ ತಾನಾಗಿ ಕಮ್ಮಿ ಆಗುತ್ತದೆ. ಕಣ್ಣಿಗೆ ಕಾಣದ ಆ ಕಣಜದ ಮೇಲೆ ನನಗೆ ಬಹಳ ಗೌರವ.

ಹಣ್ಣಿಗೆ ಬರೋಣ. ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಮೊದಲ ಕಾಯಿ ಬಣ್ಣ ತಿರುಗಿತು. ತೊಟ್ಟಿನ ವಿರುದ್ಧ ತುದಿಯಲ್ಲಿ ಹಳದಿ ಗೀಟು ಮೂಡಿದಾಗ ಕೊಯ್ಯಬೇಕು. ಪೂರ್ತಿ ಹಣ್ಣಾಗಲು ಬಿಟ್ಟರೆ ಅಳಿಲು, ಕೋಗಿಲೆಯ ಪಾಲು. ಅವುಗಳಿಗೂ ಮೇಲಿನ ಒಂದೆರಡು ಬಿಡುತ್ತೇವೆ. ಕೊಯ್ದ ಹಣ್ಣನ್ನು ಪೇಪರ್ ಸುತ್ತಿ ಅಕ್ಕಿ ಡಬ್ಬದ ಪಕ್ಕ ಇಟ್ಟರೆ ಮೂರು ನಾಲ್ಕು ದಿನಕ್ಕೆ ಹದ. ಸಿಪ್ಪೆ ತೆಳು. ತಿರುಳು ಗಟ್ಟಿ, ಕತ್ತರಿಸಿದ ತುಂಡು ತಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ನೀರು ಬಿಡುವುದಿಲ್ಲ. ಸಿಹಿ ಗಾಢ. ಪರಂಗಿ ಅಂದರೆ ಮೂಗು ಮುರಿಯುತ್ತಿದ್ದ ಮಗಳು ನಿಂಬೆಹಣ್ಣು ಹಿಂಡದೆಯೇ ತಿಂದಳು. ನಾಟಿ ಪರಂಗಿಯಲ್ಲಿ ಇರುವ ಆ ಘಾಟು ವಾಸನೆ ಇದರಲ್ಲಿ ಬಹಳ ಕಮ್ಮಿ. ಅತ್ತೆಗೆ ಮಾತ್ರ ಕೊಡಗಿನ ಚೆಟ್ಟಳ್ಳಿ ಕೇಂದ್ರದ ಕೂರ್ಗ್ ಹನಿ ಡ್ಯೂ ಹಣ್ಣೇ ಇಷ್ಟ. ಅದರ ಹಳದಿ ತಿರುಳು ಬಾಯಲ್ಲಿ ಹೆಚ್ಚು ಮೆತ್ತಗೆ ಕರಗುತ್ತದೆ ಅನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಮೆತ್ತನೆ ಹಣ್ಣು ಬೇಕು ಅನ್ನುವವರಿಗೆ ಪ್ರಭಾತ್ ಸ್ವಲ್ಪ ಗಟ್ಟಿ ಅನ್ನಿಸಬಹುದು.

ಕಾಯಿಯೂ ಚೆನ್ನ. ಒತ್ತಾಗಿ ಕಚ್ಚಿದ ಕಾಯಿಗಳಲ್ಲಿ ಕೆಲವನ್ನು ಎಳೆಯದರಲ್ಲೇ ತೆಗೆದರೆ ಉಳಿದವು ದಪ್ಪಗಾಗುತ್ತವೆ. ತೆಗೆದದ್ದನ್ನು ಸಿಪ್ಪೆ ಹೆರೆದು, ಸೊನೆ ಹೋಗುವಂತೆ ನೀರಲ್ಲಿಟ್ಟು, ಕಡಲೆಬೇಳೆ ಜೊತೆ ಪಲ್ಯ. ಮೇಲೆ ಕಾಯಿತುರಿ, ಒಗ್ಗರಣೆಗೆ ಸಾಸಿವೆ ಮತ್ತು ಒಣಮೆಣಸಿನಕಾಯಿ. ರಾಗಿ ರೊಟ್ಟಿಗೆ ಒಳ್ಳೆಯ ಜೋಡಿ. ಸೊನೆ ಕೈಗೆ ಹತ್ತಿದರೆ ಕೆರೆಯುತ್ತದೆ, ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿ.

ಯಾರಿಗೆ ಈ ಬೀಜ ಬೇಡ? ಬಾಲ್ಕನಿಯ ಕುಂಡದಲ್ಲಿ ಬೆಳೆಯುವವರಿಗೆ ನಾನು ಹೇಳುವುದಿಲ್ಲ. ದೊಡ್ಡ ಡ್ರಮ್ ಇಟ್ಟರೂ ನೆಲದ ಗಿಡದ ಹಾಗೆ ಆಗದು. ನೀರು ನಿಲ್ಲುವ ಕಪ್ಪು ಮಣ್ಣಿನ ತಗ್ಗು ಜಾಗಕ್ಕೂ ಬೇಡ. ದೊಡ್ಡ ಹಣ್ಣು ಮಾರಬೇಕು ಅನ್ನುವವರು ರೆಡ್ ಲೇಡಿಗೆ ಹೋಗಿ. ಉಳಿದ ಎಲ್ಲರಿಗೂ ಇದು ಸರಿ.

ಇನ್ನೊಂದು ಲಾಭ ಇದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಇದು ನೆಲೆಗೊಂಡ ತಳಿ. ಬೀಜ ನಾವೇ ಮಾಡಿಕೊಳ್ಳಬಹುದು. ಸುಮ್ನೆ ಹಣ್ಣಿನ ಬೀಜ ತೆಗೆದಿಟ್ಟರೆ ಆಗದು, ಅಕ್ಕಪಕ್ಕದ ಗಿಡದ ಪರಾಗ ಬಂದು ಬೆರೆತಿರುತ್ತದೆ. ಚೆನ್ನಾಗಿರುವ ದ್ವಿಲಿಂಗಿ ಗಿಡ ಆರಿಸಿ. ನಾಳೆ ಅರಳುವ ಹಾಗಿರುವ ಮೊಗ್ಗಿಗೆ ಇವತ್ತು ಸಂಜೆಯೇ ಬಟರ್ ಪೇಪರ್ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿ. ಆ ಹಣ್ಣು ಪೂರ್ತಿ ಮಾಗಿದ ಮೇಲೆ ಬೀಜ ತೆಗೆದು ಬೂದಿಯಲ್ಲಿ ಉಜ್ಜಿ ಒಣಗಿಸಿ. ನಮ್ಮ ಗೋಡೆ ಪಕ್ಕದ ಗಿಡದಲ್ಲಿ ಈಗ ಕೆಂಪು ದಾರ ಕಟ್ಟಿದ ಕಾಯಿಗಳಿವೆ. ಮಾರ್ಚ್ ಬಿತ್ತನೆಗೆ ಅವೇ ಬೀಜ. ತುಮಕೂರಿನವರು ಯಾರಾದರೂ ಬೇಕಾದರೆ ಕೇಳಿ, ಒಂದು ಹಿಡಿ ಎತ್ತಿಡುತ್ತೇನೆ.